ನೂರು ಎಣಿಸುವ ತನಕ

ಹಳ್ಳಿ ಆಸ್ಪತ್ರೆಯೊಂದರಲ್ಲಿ ಚಿತ್ರ, ಮಾಹಿತಿಗಳನ್ನು ತಂತಿಯ ಮೇಲೆ ಸಾಗಹಾಕುವ ನೆಟ್‌ವರ್ಕ್ ಸ್ವಿಚ್ಚಿಗೆ ಪಟ್ಟಣದ ಡಾಕ್ಟರರನ್ನು ತಲುಪಲು ಎರಡು ದಾರಿಯಿತ್ತು. ಮೊದಲ ಆಯ್ಕೆ ಹೊಸ ಫೈಬರ್ ತಂತಿ. ಅದು ಕೈಕೊಟ್ಟರೆ ಹಳೆಯ ತಾಮ್ರದ ತಂತಿ. ಅಂದು ಗಾಯಾಳುವಿನ ಎಕ್ಸ್‌ರೇ ಹೊರಟಾಗ ಫೈಬರು ಸಂಪರ್ಕ ತಪ್ಪಿ ಮೂರು ಸಲ ಬಿದ್ದು ಮೂರು ಸಲ ಎದ್ದಿತು. ಎದ್ದಾಗೆಲ್ಲ ಸ್ವಿಚ್ಚು ಅದರ ಕಡೆಗೇ ತಿರುಗಿ, ಚಿತ್ರ ಅರ್ಧದಲ್ಲೇ ಕಡಿದುಹೋಯಿತು.

ನಾಲ್ಕನೇ ಸಲ ಬಿದ್ದೆದ್ದ ಫೈಬರು, “ಬಂದೆ ಕಣಯ್ಯ, ಚಿತ್ರ ಇತ್ತ ಕೊಡು. ಆ ಮುದುಕ ತೆವಳುತ್ತಾನೆ” ಎಂದಿತು.

“ತೆವಳಿದರೂ ಬೀಳುವುದಿಲ್ಲ. ನೀನೇ ಮೊದಲು, ಒಪ್ಪಿದೆ. ಆದರೆ ಬೀಳದೆ ನೂರು ಎಣಿಸು, ಆಮೇಲೆ ಬಾ” ಎಂದ ಸ್ವಿಚ್ಚು, ಚಿತ್ರವನ್ನು ತಾಮ್ರಕ್ಕೇ ಒಪ್ಪಿಸಿತು.

ಫೈಬರು ಅರವತ್ತಕ್ಕೆ ಬೀಳುವಷ್ಟರಲ್ಲಿ ಚಿತ್ರ ಡಾಕ್ಟರರ ಕಣ್ಣಮುಂದಿತ್ತು.

ಮತ್ತೆ ಎದ್ದ ಫೈಬರು ಮೆಲ್ಲಗೆ ಕೇಳಿತು: “ಅರವತ್ತೊಂದರಿಂದ ಶುರುಮಾಡಲೇ?”

“ಒಂದರಿಂದ” ಎಂದಿತು ಸ್ವಿಚ್ಚು.