ಹಿಮ್ಮಡಿಯ ಕೆಳಗಿನ ತೂತು

"ಅವ್ವಾ, ನನಗೆ ಯಾವ ಅಭ್ಯಾಸವೂ ಯಾಕೆ ಅಂಟುವುದಿಲ್ಲ?" ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನು ಕೂತಿರಲಿಲ್ಲ. ಮಠದ ಕಟ್ಟೆಯ ಕೆಳಗೆ, ಹೆಗಲಿಗೆ ಬಟ್ಟೆಬರೆಯ ಗಂಟು ಹಾಕಿಕೊಂಡು, ದಾರಿಯ ಕಡೆ ಒಂದು ಕಣ್ಣಿಟ್ಟು ನಿಂತಿದ್ದ. ಹೆಸರು ಗುರುಪಾದ. ಅವನಿಗೆ ಗುರುಗಳ ಕೊರತೆ ಎಂದೂ ಆಗಿರಲಿಲ್ಲ. ಇದು ಅವನ ನಾಲ್ಕನೆಯ ಮಠ.

ಈ ಮಠದ ಗುರು ಹೆಂಗಸು. ಊರವರೆಲ್ಲ ಅವರನ್ನು ಅವ್ವನವರು ಎನ್ನುತ್ತಿದ್ದರು. ಅವರು ಗುರುಪಾದನಿಗೆ ಕೊಟ್ಟಿದ್ದ ಸಾಧನೆ ಒಂದೇ. ಬೆಳಿಗ್ಗೆ ಎದ್ದು, ಬೇರೆ ಯಾವುದಕ್ಕೂ ಕೈಹಾಕುವ ಮೊದಲು, ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಅವನು ಏಳುತ್ತಿದ್ದ. ಎದ್ದವನು ಅಂಗಳ ಗುಡಿಸುತ್ತಿದ್ದ. ಹೂ ಬಿಡಿಸುತ್ತಿದ್ದ. ಕೂರಬೇಕಾದ ಚಾಪೆಯನ್ನೇ ತೊಳೆದು ಒಣಹಾಕುತ್ತಿದ್ದ. ಅದು ಒಣಗುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಆ ಮಠ ಹಿಂದೆಂದೂ ಅಷ್ಟು ಚೊಕ್ಕಟವಾಗಿರಲಿಲ್ಲ. ಅವನು ಕೂತದ್ದು ಮಾತ್ರ ಇಲ್ಲ.

"ನಾಳೆಯಿಂದ ಕೂತೇ ಕೂರುತ್ತೇನೆ ಅಂತ ದಿನಾ ಆಣೆ ಹಾಕಿಕೊಳ್ಳುತ್ತೇನೆ. ಬೆಳಗಾದರೆ ಮೈಯೊಳಗೆ ಇರುವೆ ಹರಿದ ಹಾಗಾಗುತ್ತದೆ. ಶಿಸ್ತು ನನ್ನ ಹಣೆಯಲ್ಲೇ ಬರೆದಿಲ್ಲ, ಅವ್ವಾ. ಹೊಳೆಯ ಆಚೆ ಒಬ್ಬ ಸ್ವಾಮಿಗಳಿದ್ದಾರಂತೆ. ಬಹಳ ಕಟ್ಟುನಿಟ್ಟಂತೆ. ಬೆತ್ತ ಹಿಡಿದೇ ಕೂರಿಸುತ್ತಾರಂತೆ. ಅಲ್ಲಿಗೆ ಹೋಗಲೇ?"

ಅವ್ವನವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಹೋಗು. ಹೊಳೆ ದಾಟುವವನಿಗೆ ಒಬ್ಬ ಅಂಬಿಗನ ಕತೆ ಗೊತ್ತಿದ್ದರೆ ಒಳ್ಳೆಯದು. ಕೂತು ಕೇಳುತ್ತೀಯೋ, ನಿಂತೋ?"

"ನಿಂತೇ ಕೇಳುತ್ತೇನೆ."

"ಅದು ಗೊತ್ತಿದ್ದದ್ದೇ," ಎಂದು ಅವ್ವನವರು ಕತೆ ಶುರುಮಾಡಿದರು.

ಒಂದು ಹೊಳೆ. ಹೊಳೆಯ ದಡದಲ್ಲಿ ಒಬ್ಬ ಅಂಬಿಗ. ಅವನಿಗೊಂದು ಹರಿಗೋಲಿತ್ತು. ಬಿದಿರಿನ ದೊಡ್ಡ ಬುಟ್ಟಿ, ಹೊರಗಡೆ ತೊಗಲಿನ ಹೊದಿಕೆ. ಜನರನ್ನು ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ದಾಟಿಸುವುದು ಅವನ ಕಸುಬು.

ಒಂದು ದಿನ ದಡದ ಕಲ್ಲು ತಗಲಿ ತೊಗಲಿಗೆ ತೂತು ಬಿತ್ತು. ದೊಡ್ಡದೇನಲ್ಲ, ಹುಣಸೆಬೀಜದಷ್ಟು. ಅಂಬಿಗ ಬಟ್ಟೆಯ ಉಂಡೆಯೊಂದನ್ನು ಅದಕ್ಕೆ ತುರುಕಿದ. ನೀರಿನ ಒತ್ತಡಕ್ಕೆ ಉಂಡೆ ಮೇಲೇಳುತ್ತಿತ್ತು. ಅದರ ಮೇಲೆ ಎಡಗಾಲಿನ ಹಿಮ್ಮಡಿ ಊರಿದ. ನೀರು ನಿಂತಿತು. ಹರಿಗೋಲು ದಡ ಸೇರಿತು.

ಸಂಜೆ ತೇಪೆ ಹಾಕಿದರಾಯಿತು ಎಂದುಕೊಂಡ.

ತೇಪೆ ದೊಡ್ಡ ಕೆಲಸವಲ್ಲ. ಹರಿಗೋಲನ್ನು ದಡಕ್ಕೆಳೆದು ಮಗುಚಬೇಕು. ತೊಗಲು ಒಣಗಬೇಕು. ಒಂದು ತುಂಡು ತೊಗಲನ್ನು ಹೊಲಿದು, ಅಂಚಿಗೆ ರಾಳ ಬಳಿಯಬೇಕು. ಆದರೆ ಅಷ್ಟು ಹೊತ್ತು ಕಾಯುವ ಜನ ದಡದಲ್ಲಿ ನಿಂತಿರುತ್ತಾರೆ. ಸಂಜೆ ಮೈ ಸೋತಿತ್ತು. ಮರುದಿನ ಸಂತೆ. ಅದರ ಮರುದಿನ ಮದುವೆಯ ದಿಬ್ಬಣ. ಆಮೇಲೆ ಮೋಡ. ಮೋಡದಲ್ಲಿ ತೊಗಲು ಒಣಗುವುದು ಹೇಗೆ?

ಅವನು ಸೋಮಾರಿಯಲ್ಲ. ಇದನ್ನು ನೆನಪಿಟ್ಟುಕೋ, ಗುರುಪಾದ. ಎಲ್ಲರಿಗಿಂತ ಮುಂಚೆ ಹೊಳೆಗೆ ಬರುತ್ತಿದ್ದವನು ಅವನೇ. ಬಂದವನ ಕೈ ಸುಮ್ಮನಿರುತ್ತಿರಲಿಲ್ಲ. ಹುಟ್ಟನ್ನು ಕೆತ್ತಿ ನಯಮಾಡಿದ. ಅದಕ್ಕೆ ಎಣ್ಣೆ ತಿಕ್ಕಿದ. ಹಳೆಯ ಹಗ್ಗ ಬಿಚ್ಚಿ ಹೊಸ ಹಗ್ಗ ಹೊಸೆದ. ದಡದ ಮೆಟ್ಟಿಲಿನ ಪಾಚಿಯನ್ನೂ ಕೆರೆದ. ತೂತಿನ ಬಳಿ ಮಾತ್ರ ಕೈ ಹೋಗಲಿಲ್ಲ. ಅಲ್ಲಿಗೆ ಹೋಗುತ್ತಿದ್ದದ್ದು ಹಿಮ್ಮಡಿ.

ಹಿಮ್ಮಡಿ ಬಲು ಬೇಗ ಕಲಿಯಿತು. ಮೊದಮೊದಲು ಮೀನಖಂಡ ಸೆಳೆಯುತ್ತಿತ್ತು. ಆಮೇಲೆ ಸೆಳೆತ ಹೋಯಿತು. ಎಡಗಾಲನ್ನು ಕದಲಿಸದೆ, ಸೊಂಟವನ್ನಷ್ಟೇ ತಿರುಗಿಸಿ ಹುಟ್ಟುಹಾಕುವುದು ಅವನಿಗೆ ಸಿದ್ಧಿಸಿತು. ನೋಡುವುದಕ್ಕೂ ಚಂದವಿತ್ತು. ಆಚೀಚೆಯ ಅಂಬಿಗರು ಮೆಚ್ಚಿದರು. ಒಬ್ಬನಂತೂ ತೂತೇ ಇಲ್ಲದ ತನ್ನ ಹರಿಗೋಲಿನಲ್ಲಿ ಹಾಗೇ ಹಿಮ್ಮಡಿ ಊರಿ ಕೂರುವುದನ್ನು ಕಲಿತ.

ಗುರುಪಾದನಿಗೆ ನಗು ಬಂತು. ಅವ್ವನವರು ನಗಲಿಲ್ಲ. ಮುಂದುವರಿಸಿದರು.

ಆ ಹೊಳೆಯವರದು ಒಂದು ಪದ್ಧತಿ. ಅಮಾವಾಸ್ಯೆಯ ದಿನ ಯಾರೂ ಹುಟ್ಟು ಮುಟ್ಟುವುದಿಲ್ಲ. ಎಲ್ಲರೂ ಹರಿಗೋಲನ್ನು ದಡದಲ್ಲಿ ಮಗುಚಿ, ತೊಳೆದು, ಅದರ ಬೆನ್ನಿಗೆ ಅರಿಸಿನ ಕುಂಕುಮ ಹಚ್ಚಿ ಗಂಗಮ್ಮನ ಪೂಜೆ ಮಾಡುತ್ತಾರೆ. ಆಮೇಲೆ ಒಬ್ಬರ ಹರಿಗೋಲನ್ನು ಇನ್ನೊಬ್ಬರು ಅಂಗೈಯಿಂದ ತಟ್ಟಿ ನೋಡುತ್ತಾರೆ. ಎಲ್ಲಿ ತೊಗಲು ಸವೆದಿದೆ ಎಂದು ಸದ್ದೇ ಹೇಳುತ್ತದೆ. ತೊಗಲು ಸವೆದವನನ್ನು ಎಲ್ಲರೂ ಗೇಲಿಮಾಡುತ್ತಾರೆ, ಎಲ್ಲರೂ ಸೇರಿ ತೇಪೆಯನ್ನೂ ಹಾಕಿಕೊಡುತ್ತಾರೆ.

ಅಮಾವಾಸ್ಯೆ ಬಂತು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಹೇಗೆ ತೋರಿಸುವುದು ಎಂದುಕೊಂಡ ಅಂಬಿಗ. ಎಲ್ಲರೂ ಬರುವ ಮೊದಲೇ ಹೋಗಿ, ಹರಿಗೋಲಿನ ಒಳಗೆ, ಬಟ್ಟೆಯ ಉಂಡೆಯ ಸುತ್ತ ಕುಂಕುಮ ಹಚ್ಚಿದ. ಹೂ ಏರಿಸಿದ. ದೀಪವನ್ನೂ ಇಟ್ಟ. ಪೂಜೆಯಾದ ಜಾಗವನ್ನು ಮಗುಚುವಂತಿಲ್ಲ.

"ಏನಣ್ಣಾ ಇದು! ನಾವೆಲ್ಲ ಬೆನ್ನಿಗೆ ಪೂಜೆ ಮಾಡಿದರೆ ನೀನು ಹೊಟ್ಟೆಗೆ ಮಾಡಿದ್ದೀಯಲ್ಲ?" ಎಂದ ಪಕ್ಕದ ಅಂಬಿಗ.

"ನಮ್ಮ ಮನೆಯ ಪದ್ಧತಿ ಹೀಗೇ."

"ನಿಮ್ಮಪ್ಪ ಹೀಗೆ ಮಾಡಿದ್ದನ್ನು ನಾನು ಕಾಣೆ."

"ಅಪ್ಪ ಮರೆತಿದ್ದ," ಎಂದ ಅಂಬಿಗ.

ಮುಂದಿನ ಅಮಾವಾಸ್ಯೆಗೂ ಹಾಗೇ ಆಯಿತು. ಅದರ ಮುಂದಿನದಕ್ಕೆ ಯಾರೂ ಕೇಳಲಿಲ್ಲ. ತೂತಿಗೆ ದೇವರ ಪಟ್ಟ ಸಿಕ್ಕಿತು.

ಚಡಪಡಿಕೆ ಮಾತ್ರ ಹೋಗಲಿಲ್ಲ. ಉಣ್ಣುವಾಗ ಮೋಡ ನೋಡುತ್ತಿದ್ದ. ಮಾತಾಡುವಾಗ ಹೊಳೆ ನೋಡುತ್ತಿದ್ದ. ಮನೆಯಲ್ಲಿ ಕೂತಿದ್ದರೂ ಎಡ ಹಿಮ್ಮಡಿ ನೆಲವನ್ನು ಒತ್ತುತ್ತಲೇ ಇರುತ್ತಿತ್ತು.

ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಸೂಲಗಿತ್ತಿಯ ಮನೆ ಆಚೆ ದಡದಲ್ಲಿ.

"ಅಪ್ಪಾ, ಹೊಳೆ ತುಂಬುವ ಮುಂಚೆ ಸೂಲಗಿತ್ತಿಯನ್ನು ಕರಕೊಂಡು ಬಂದು ಇಟ್ಟುಕೊಳ್ಳೋಣವಾ?" ಎಂದಳು ಮಗಳು.

"ಇನ್ನೂ ದಿನ ಇದೆಯಲ್ಲವ್ವಾ. ಅಪ್ಪನೇ ಅಂಬಿಗನಾಗಿರುವಾಗ ನಿನಗೆಂಥ ಭಯ?"

ದಿನವಿತ್ತು, ಆದರೆ ನೋವು ದಿನ ಕಾಯಲಿಲ್ಲ. ಒಂದು ಬೆಳಿಗ್ಗೆ ಮಗಳಿಗೆ ನೋವು ಬಂತು. ಅದೇ ಬೆಳಿಗ್ಗೆ ಹೊಳೆಗೆ ಕೆಂಪು ನೀರು ಬಂತು. ಉಳಿದ ಅಂಬಿಗರು ಹರಿಗೋಲುಗಳನ್ನು ಮೇಲಕ್ಕೆ ಎಳೆದು ಹಾಕಿದ್ದರು. ಅವನು ಅವರ ಮುಂದೆ ನಿಂತು, ಯಾರಾದರೂ ಹೋಗಿ ಬರುತ್ತೀರಾ ಎಂದು ಕೇಳಿದ.

"ಈ ನೀರಿಗೆ ನಿನ್ನಂಥವನೇ ಬೇಕು, ಅಣ್ಣಾ. ಎಂಥ ಸೆಳವಿನಲ್ಲೂ ಕಾಲು ಕದಲಿಸದವನು ನೀನು," ಎಂದರು. ಅವರು ಹೊಗಳಿಯೇ ಹಾಗೆ ಹೇಳಿದ್ದು.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹಿಮ್ಮಡಿ ಊರಿ ಹೊರಟ.

ಆಚೆ ದಡ ಸೇರಿದ್ದೂ ಆಯಿತು. ಸೂಲಗಿತ್ತಿ ಹತ್ತಿದಳು. ದಪ್ಪ ಮೈಯ ಹೆಂಗಸು, ಚೂಪು ನಾಲಿಗೆ. ವಾಪಸು ಬರುವಾಗ ನಡುಹೊಳೆಯಲ್ಲಿ ಒಂದು ಮರದ ದಿಮ್ಮಿ ತೇಲಿಬಂತು. ದಿಮ್ಮಿ ಬಂದರೆ ಅಂಬಿಗ ಎದ್ದು, ಹರಿಗೋಲಿನ ಆ ಬದಿಗೆ ಹೋಗಿ, ಹುಟ್ಟಿನಿಂದ ಅದನ್ನು ತಳ್ಳಬೇಕು. ಇವನು ಏಳಲಿಲ್ಲ.

"ಏಳಪ್ಪಾ! ದಿಮ್ಮಿ ಮೈಮೇಲೇ ಬರುತ್ತಿದೆ!"

"ಏಳಲಾರೆ."

"ಯಾಕೆ, ಕಾಲು ಬೇರು ಬಿಟ್ಟಿದೆಯೇನು?"

"ಕಾಲ ಕೆಳಗೆ ತೂತಿದೆ, ತಾಯೀ."

ಸೂಲಗಿತ್ತಿ ಅವನ ಕಾಲು ನೋಡಿದಳು, ಮುಖ ನೋಡಿದಳು. "ಯಾವಾಗಿನಿಂದ?" ಎಂದಳು. ಅವಳು ಜರುಗಿ ಬಂದು, ಅವನ ಹಿಮ್ಮಡಿಯನ್ನು ಕೈಯಿಂದ ಸರಿಸಿ, ಉಂಡೆಯ ಮೇಲೆ ತಾನೇ ಕೂತಳು.

"ನಾನು ಕೂತರೆ ತೂತೇನು, ಹೊಳೆಯೇ ನಿಲ್ಲುತ್ತದೆ. ಈಗ ಏಳು!"

ಎದ್ದ. ದಿಮ್ಮಿಯನ್ನು ತಳ್ಳಿದ. ಅದು ಹರಿಗೋಲನ್ನು ಸವರಿಕೊಂಡು ಹೋಯಿತು. ತೂತು ಮುಚ್ಚಿತ್ತು. ಕಾಲು ಬಿಡುವಾಗಿತ್ತು. ಇನ್ನು ದಡಕ್ಕೆ ಹುಟ್ಟುಹಾಕಿದರಾಯಿತು.

ಹುಟ್ಟುಹಾಕಿದ. ಹರಿಗೋಲು ಗಿರ್ರನೆ ತಿರುಗಿತು. ಇನ್ನೊಂದು ಸಲ ಎಳೆದ. ಇನ್ನೂ ಜೋರಾಗಿ ತಿರುಗಿತು. ಅವನ ಕೈಬಲವೆಲ್ಲ ಹಿಮ್ಮಡಿಯಿಂದ ಹುಟ್ಟುತ್ತಿತ್ತು. ಹಿಮ್ಮಡಿ ಊರದೆ ಹುಟ್ಟುಹಾಕುವುದು ಅವನಿಗೆ ಮರೆತೇಹೋಗಿತ್ತು. ಸೆಳವು ಹರಿಗೋಲನ್ನು ಕೆಳಕ್ಕೆ ಎಳೆಯಿತು. ತಿರುಗುವ ಹರಿಗೋಲಿನಲ್ಲಿ ನಿಂತು ಅವನು ತನ್ನ ಮನೆಯ ಸೂರನ್ನು ನೋಡಿದ. ಸೂರು ಹೋಯಿತು, ಆಚೆ ದಡ ಬಂತು. ಆಚೆ ದಡ ಹೋಯಿತು, ಸೂರು ಬಂತು. ಪ್ರತಿ ಸಲ ಬಂದಾಗಲೂ ಅದು ಇನ್ನಷ್ಟು ಸಣ್ಣದಾಗಿರುತ್ತಿತ್ತು.

ಬಹಳ ಕೆಳಗೆ, ಜೊಂಡಿನ ನಡುವೆ, ಹರಿಗೋಲು ದಡಕ್ಕೆ ತಗಲಿತು. ಸೂಲಗಿತ್ತಿ ಕೆಸರಿನಲ್ಲಿ ಇಳಿದು, ಸೀರೆ ಎತ್ತಿಕಟ್ಟಿ, ಓಡಿದಳು. ಅವಳು ಮನೆ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು.

ಮಗಳು ಉಳಿದಳು. ಕೂಸು ಉಳಿಯಲಿಲ್ಲ. ಸ್ವಲ್ಪ ಮುಂಚೆ ಬಂದಿದ್ದರೆ ಎಂದು ಹೇಳಹೊರಟ ಸೂಲಗಿತ್ತಿ, ಅಂಬಿಗನ ಮುಖ ನೋಡಿ, ಕೈ ತೊಳೆಯಲು ಹೋದಳು.

ಹೊಳೆ ಇಳಿದ ಮೇಲೆ ಅಂಬಿಗ ಹರಿಗೋಲನ್ನು ಎಲ್ಲರ ಮುಂದೆ ಮಗುಚಿದ. ಯಾರೂ ಗೇಲಿಮಾಡಲಿಲ್ಲ. ಒಬ್ಬ ತೊಗಲಿನ ತುಂಡು ತಂದ, ಒಬ್ಬ ರಾಳ ಕಾಯಿಸಿದ. ಬುತ್ತಿ ಬಿಚ್ಚುವ ಹೊತ್ತಿಗೆ ತೇಪೆ ಮುಗಿದಿತ್ತು.

"ಅಷ್ಟೇ ಕೆಲಸವೇ?" ಎಂದ ಗುರುಪಾದ.

"ಅಷ್ಟೇ."

"ಹಾಗಾದರೆ ಅಲ್ಲಿಗೆ ಎಲ್ಲಾ ಸರಿಹೋಯಿತು."

"ತೂತು ಸರಿಹೋಯಿತು," ಎಂದರು ಅವ್ವನವರು. "ಹಿಮ್ಮಡಿಯ ಮಾತು ಇನ್ನೂ ಇದೆ."

ಮರುದಿನ ಅಂಬಿಗ ಹುಟ್ಟು ಹಿಡಿದು ಕೂತ. ಹಿಮ್ಮಡಿ ತಾನಾಗಿಯೇ ಹೋಗಿ ತೇಪೆಯ ಮೇಲೆ ಊರಿಕೊಂಡಿತು. ಎತ್ತಿದ. ಹರಿಗೋಲು ತಿರುಗಿತು. ಹತ್ತಿದ್ದವರು ಬೈದುಕೊಂಡು ಇಳಿದುಹೋದರು. ನಿನ್ನೆಯವರೆಗೆ ಹೊಳೆಗೆಲ್ಲ ಹೆಸರಾದವನು ಈಗ ಹೊಸಬನಿಗಿಂತ ಕಡೆಯಾದ. ಜನ ಬರುವ ಮೊದಲೇ ಬಂದು, ದಡದ ಬದಿಯ ತೆಳು ನೀರಿನಲ್ಲಿ, ಬರಿಯ ಹರಿಗೋಲನ್ನು ನಡೆಸತೊಡಗಿದ. ಆಣೆ ಹಾಕಲಿಲ್ಲ. ನಾಳೆಗೆ ಏನನ್ನೂ ಗೊತ್ತುಮಾಡಲಿಲ್ಲ. ಹಿಮ್ಮಡಿ ಹೋದಾಗ ಎತ್ತುತ್ತಿದ್ದ, ಅಷ್ಟೇ. ಅದು ಮತ್ತೆ ಹೋಗುತ್ತಿತ್ತು. ಮತ್ತೆ ಎತ್ತುತ್ತಿದ್ದ. ಹುಟ್ಟನ್ನು ನಯಮಾಡುವ ಆಸೆ ಬಂದರೂ ಮುಟ್ಟುತ್ತಿರಲಿಲ್ಲ. ಕೆಲವು ದಿನ ಎಲ್ಲಾ ಬರೀ ತಿರುಗುವುದೇ ಆಗುತ್ತಿತ್ತು. ಕೆಲವು ದಿನ ಒಂದು ಮಾರು ನೆಟ್ಟಗೆ ಹೋಗುತ್ತಿತ್ತು.

ಮಗಳು ಮತ್ತೆ ಬಸುರಾಗಿ ಬಂದಳು. ಈ ಸಲ ಅವನು ಬೇಸಿಗೆಯಲ್ಲೇ ಸೂಲಗಿತ್ತಿಯನ್ನು ಕರೆತಂದ. ಹರಿಗೋಲು ಹತ್ತಿದವಳೇ ಅವಳು ಮೊದಲು ತಳ ನೋಡಿದಳು. ಆಮೇಲೆ ಅವನ ಕಾಲು ನೋಡಿದಳು.

"ನಾನು ಎಲ್ಲಿ ಕೂರಲಿ?" ಎಂದಳು.

"ಎಲ್ಲಿ ಬೇಕಾದರೂ ಕೂರಿ, ತಾಯೀ," ಎಂದ ಅಂಬಿಗ. ಹರಿಗೋಲು ದಡಕ್ಕೆ ನೆಟ್ಟಗೆ ಬಂತು.

ಕತೆ ಮುಗಿಯಿತು. ಅವ್ವನವರು ಮೊರದ ಜೋಳವನ್ನು ಒಮ್ಮೆ ಕೇರಿದರು. ಹೊಟ್ಟು ಹಾರಿತು.

ಗುರುಪಾದ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ದಾರಿ ನೋಡಿದ. ನಿಟ್ಟುಸಿರು ಬಿಟ್ಟ.

"ಆ ಅಂಬಿಗನಿಗೆ ಛಲವಿತ್ತು, ಅವ್ವಾ. ನನಗೆ ಅದೂ ಇಲ್ಲ. ಹುಟ್ಟಿದಂದಿನಿಂದ ಒಂದೇ ಒಂದು ಅಭ್ಯಾಸವನ್ನೂ ಉಳಿಸಿಕೊಂಡವನಲ್ಲ ನಾನು," ಎಂದು, ಹೆಗಲ ಮೇಲಿನ ಗಂಟನ್ನು ಸರಿಮಾಡಿಕೊಂಡ. ಎಲ್ಲೂ ಸಡಿಲವಿಲ್ಲದ, ಒಂದು ಎಳೆಯೂ ಹೊರಗಿಣುಕದ ಗಂಟು ಅದು.

ಅವ್ವನವರು ಮೊರ ಕೆಳಗಿಟ್ಟು, ಮೊದಲ ಸಲ ತಲೆ ಎತ್ತಿದರು.

"ಈ ಗಂಟನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟುವುದನ್ನು ಯಾವ ಮಠದಲ್ಲಿ ಕಲಿತೆ, ಗುರುಪಾದ?"