ಹೆಬ್ಬಾವಿನ ತೂಕ

ಹೊಳೆದಂಡೆಯ ಮಠದಲ್ಲಿ ಅಡವಯ್ಯನವರೆಂಬ ಗುರುಗಳಿದ್ದರು. ಕಲ್ಲಿನಾಥ ಅವರ ಶಿಷ್ಯ.

ಒಮ್ಮೆ ಮೀನು ಹಿಡಿಯುವವರ ಬಲೆಗೆ ಹೆಬ್ಬಾವಿನ ಮರಿಯೊಂದು ಸಿಕ್ಕಿ ಗಾಯಗೊಂಡಿತು. ಅವರು ಅದನ್ನು ಬುಟ್ಟಿಯಲ್ಲಿಟ್ಟು ಮಠಕ್ಕೆ ತಂದರು. ಗುರುಗಳು ಬುಟ್ಟಿಯನ್ನು ಕಲ್ಲಿನಾಥನಿಗೆ ಕೊಟ್ಟು, ಬದುಕಿಕೊಂಡರೆ ಹೊಳೆಗೆ ಬಿಡು ಎಂದರು.

ಮುಚ್ಚಳದ ಮೇಲೆ ಕಲ್ಲು ಹೇರುವ ಅಗತ್ಯವಿರಲಿಲ್ಲ. ಬರೀ ಮುಚ್ಚಳವನ್ನು ತಳ್ಳುವಷ್ಟೂ ಶಕ್ತಿ ಹಾವಿಗೆ ಇರಲಿಲ್ಲ.

ಕಲ್ಲಿನಾಥ ಶ್ರದ್ಧೆಯವನು. ಕಣಜದ ಬೋನಿಗೆ ಬಿದ್ದ ಇಲಿಯನ್ನು ಮೊದಲು ತೂಗುತ್ತಿದ್ದ. ಹಾವು ಅದನ್ನು ನುಂಗಿದ ಕೂಡಲೇ ಹಾವನ್ನೂ ತೂಗುತ್ತಿದ್ದ. ಸಂಜೆ ಮತ್ತೆ ಎತ್ತಿ, ದಾರ ಹಿಡಿದು ಉದ್ದ ಅಳೆಯುತ್ತಿದ್ದ. ಎಲ್ಲವನ್ನೂ ಇದ್ದಿಲಿನಿಂದ ಗೋಡೆಯ ಮೇಲೆ ಬರೆಯುತ್ತಿದ್ದ.

ಅಡುಗೆಯ ಬಸಲಿಂಗವ್ವ ಗೋಡೆ ನೋಡಿ, "ಹಾವಿಗೆ ಜಾತಕ ಬರೀತಿದ್ದೀಯೇನಪ್ಪ? ಮದುವೆ ಯಾವಾಗಂತೆ?" ಎಂದಳು.

ಅವನು ನಗಲಿಲ್ಲ. ಹಾವು ನುಂಗಿದ್ದನ್ನೆಲ್ಲ ಕಕ್ಕುತ್ತಿತ್ತು. ಗೋಡೆಯ ಮೇಲಿನ ಅಂಕಿ ಇಳಿಯುತ್ತಿತ್ತು. ಅಂಕಿ ಇಳಿದಷ್ಟೂ ಅವನಿಗೆ ಭಯ. ಭಯವಾದಷ್ಟೂ ಹೆಚ್ಚು ಸಲ ತೂಗುತ್ತಿದ್ದ.

ಕೊನೆಗೆ ಗುರುಗಳನ್ನು ಕರೆತಂದ.

"ಅಯ್ಯನವರೇ, ಇದು ಸಾಯುತ್ತದೆ. ನನ್ನ ಅಳತೆಯಲ್ಲಿ ಎಲ್ಲಿ ತಪ್ಪಿದೆ?"

ಗುರುಗಳು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೂ ಓದಿದರು. "ಅಳತೆ ಸರಿಯಾಗಿದೆ. ಊಟಕ್ಕೆ ಬಾ."

ಕಲ್ಲಿನಾಥ ಒಂದು ಮುದ್ದೆ ಉಂಡ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ನುಂಗಿದ ಕೂಡಲೇ ಗುರುಗಳು ಅವನನ್ನು ಎಬ್ಬಿಸಿ, ಧಾನ್ಯ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿದರು. ತಟ್ಟೆ ಅತ್ತಿತ್ತ ತೂಗಾಡಿತು. ಕೆಳಗಿಳಿಸಿ, ಇನ್ನೊಂದು ಮುದ್ದೆ ಹಾಕಿಸಿದರು. ಮತ್ತೆ ಕೂರಿಸಿದರು. ಮತ್ತೆ ಇಳಿಸಿದರು.

"ಬೆಳೆದೆಯಾ?" ಎಂದು ಕೇಳಿದರು.

ಕಲ್ಲಿನಾಥ ಬೇಲಿಯ ಬಳಿಗೆ ಓಡಿ ಉಂಡದ್ದನ್ನೆಲ್ಲ ಕಾರಿಕೊಂಡ.

ಬಾಯಿ ತೊಳೆದುಕೊಂಡು ಬಂದು ಬುಟ್ಟಿಯ ಮುಂದೆ ಕುಳಿತ. ನುಂಗಿದ್ದು ಹೆಬ್ಬಾವಿನ ಹೊಟ್ಟೆಯಲ್ಲಿ ಕರಗಲು ಹಲವು ದಿನ ಬೇಕು. ಅಲ್ಲಿಯವರೆಗೆ ಅದನ್ನು ಯಾರೂ ಎತ್ತಬಾರದು. ಅವನು ಎತ್ತದೆ ಬಿಟ್ಟ ದಿನವೇ ಇರಲಿಲ್ಲ.

"ಅಳೆಯದಿದ್ದರೆ, ಅದು ಬೆಳೆಯುತ್ತಿದೆ ಎಂದು ನನಗೆ ತಿಳಿಯುವುದು ಹೇಗೆ?" ಎಂದು ಗುರುಗಳನ್ನು ಕೇಳಿದ.

"ನಿನಗೆ ತಿಳಿಯದಿದ್ದರೆ ಅದು ಬೆಳೆಯುವುದಿಲ್ಲವೇ?"

ಅಂದಿನಿಂದ ಅವನು ಇಲಿ ಕೊಟ್ಟ ದಿನವನ್ನಷ್ಟೇ ಗೋಡೆಯ ಮೇಲೆ ಬರೆದ. ತೂಕ ಬರೆಯುವ ಜಾಗ ಖಾಲಿ ಉಳಿಯಿತು. ಹಾವು ಕಕ್ಕುವುದು ನಿಂತಿತು.

ಕೆಲವು ವಾರಗಳ ಬಳಿಕ ಹಾವಿನ ಕಣ್ಣು ಹಾಲಿನಂತೆ ಮಸುಕಾಯಿತು. ಇಲಿಯನ್ನು ಮೂಸಲಿಲ್ಲ. ಕಲ್ಲಿನಾಥನ ಕೈ ತಾನಾಗಿ ಹಾವಿನ ಕಡೆಗೆ ಹೋಯಿತು. ಅವನು ಕೈ ಹಿಂದೆಗೆದು ಗುರುಗಳ ಬಳಿಗೆ ಹೋದ.

"ಒಮ್ಮೆ, ಒಂದೇ ಒಂದು ಸಲ ಎತ್ತಿ ನೋಡಲೇ?"

ಗುರುಗಳು ಅವನ ಮುಂದೆ ಒಂದು ಮೊರ ಅವರೆಕಾಯಿ ಇಟ್ಟರು. "ಕೈಗೆ ಕೆಲಸ ಬೇಕಾದರೆ ಇದನ್ನು ಸುಲಿ."

ಅವನು ಸುಲಿದ. ಮರುದಿನವೂ ಸುಲಿದ. ಇನ್ನು ಅವರೆಕಾಳಿನ ಸಾರು ಸಾಕಪ್ಪ, ಆ ಹಾವಿಗೆ ಬೇಗ ಗುಣವಾಗಲಿ ಎಂದು ಬಸಲಿಂಗವ್ವ ಗೊಣಗಿದಳು.

ಒಂದು ಬೆಳಿಗ್ಗೆ ಮುಚ್ಚಳ ನೆಲದ ಮೇಲೆ ಬಿದ್ದಿತ್ತು. ಹಾವು ಹರಿದುಹೋದ ಗುರುತು ಮರಳಿನ ಮೇಲೆ ಹೊಳೆಯವರೆಗೂ ಇತ್ತು. ಬುಟ್ಟಿಯಲ್ಲಿ ಪೊರೆ ಉಳಿದಿತ್ತು, ತಲೆಯಿಂದ ಬಾಲದವರೆಗೆ ಎಲ್ಲೂ ಹರಿಯದೆ.

ಕಲ್ಲಿನಾಥ ಪೊರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ದಾರ ಅವನ ಹೆಗಲ ಮೇಲಿತ್ತು.

"ಅಯ್ಯನವರೇ, ಇದನ್ನಾದರೂ ಅಳೆಯಲೇ?"

"ಅಳೆ," ಎಂದರು ಗುರುಗಳು. "ಈಗ ಅದರೊಳಗೆ ಯಾರೂ ಇಲ್ಲ."