ಕಂಬಕ್ಕೆ ಹೆಗಲು ಕೊಟ್ಟ ಅಡುಗೆಮನೆ ಗೋಡೆ

ರೋಮನ್ ಚಕ್ರವರ್ತಿಯೊಬ್ಬ ಕಡಲ ದಡದಲ್ಲಿ ಕಟ್ಟಿಸಿದ ಅರಮನೆ ಅವನ ಕಾಲದ ನಂತರ ಪಾಳುಬಿತ್ತು. ಶತ್ರುಗಳಿಗೆ ಹೆದರಿ ಪಕ್ಕದ ಊರಿನಿಂದ ಓಡಿಬಂದ ಜನ ಅದರೊಳಗೆ ಸಂಸಾರ ಹೂಡಿದರು, ಅರಮನೆಯೇ ಪೇಟೆಯಾಯಿತು. ಅಲ್ಲಿನ ಒಂದು ಕಲ್ಲುಕಂಬಕ್ಕೆ ಒತ್ತಿಕೊಂಡು ಲುತ್ಸಿಯಾ ಎಂಬಾಕೆಯ ಅಡುಗೆಮನೆ ಗೋಡೆ ನಿಂತಿತ್ತು.

ಒಂದು ಬೆಳಿಗ್ಗೆ ಮೀನು ಹುರಿಯುವ ಹೊಗೆ ತಾಗಿ ಕಂಬ ಸಿಡುಕಿತು.

"ಏ ಗೋಡೆ, ದೂರ ಸರಿ. ಚಕ್ರವರ್ತಿ ಒರಗಿದ್ದ ಮೈ ಇದು. ಎಲ್ಲಿಂದಲೋ ಬಂದು ಸೇರಿಕೊಂಡವಳು ನೀನು."

ಗೋಡೆಗೆ ಮೈಯೆಲ್ಲ ಉರಿಯಿತು. "ಎಲ್ಲಿಂದಲೋ ಬಂದವಳೇ ನಾನು? ಚಕ್ರವರ್ತಿಯ ಮಲಗುವ ಕೋಣೆ ಕುಸಿದಾಗ ಬಿದ್ದ ಕಲ್ಲುಗಳನ್ನೇ ಆಯ್ದು ನನ್ನನ್ನು ಕಟ್ಟಿದರು, ಮಹಾರಾಯ. ಆ ಕೋಣೆಯಲ್ಲಿ ಒಲೆ ಹಚ್ಚಿ ಬಾಳುವವರು ಇರಲಿಲ್ಲ, ಅದಕ್ಕೇ ಬಿತ್ತು. ನಿನಗೆ ಆಸರೆಯಾಗಿ ನಾನಿದ್ದೆ, ಅದಕ್ಕೇ ನೀನು ನಿಂತೆ."

"ಬಾಯಿ ಮುಚ್ಚು! ನಿನ್ನನ್ನು ಕೊಡವಿಹಾಕುತ್ತೇನೆ," ಎಂದ ಕಂಬ ಮೈ ಅಲುಗಿಸಿ ಗೋಡೆಯಿಂದ ಬೆನ್ನು ಬಿಡಿಸಿಕೊಂಡಿತು. ಕೂಡಲೇ ಅದರ ನೆತ್ತಿಯ ಮೇಲಿನ ಕಮಾನು ಬಿರುಕುಬಿಟ್ಟು ಗಾರೆ ಉದುರಿತು. ಕಂಬ ವಾಲಿ, ಗೋಡೆಯ ಹೆಗಲಿಗೇ ಬಂದು ಬಿತ್ತು.

ಗೋಡೆ ಸರಿದು ನಿಂತು ಕಂಬದ ಸೊಕ್ಕು ಮುರಿಯಬಹುದಿತ್ತು. ಆದರೆ ಒಳಗೆ ಒಲೆಯ ಮುಂದೆ ಲುತ್ಸಿಯಾ ಇದ್ದಳು. ಗೋಡೆ ಹಲ್ಲು ಕಚ್ಚಿ ಹೊತ್ತುಕೊಂಡಿತು.

"ಹೀಗೇ ಹತ್ತಿರ ಇರಮ್ಮ," ಎಂದಿತು ಕಂಬ, ದನಿ ತಗ್ಗಿಸಿ.

"ಇರುತ್ತೇನೆ, ನಿನಗಾಗಿ ಅಲ್ಲ. ಇಲ್ಲಿ ಇರುವವರೆಲ್ಲ ಕೆಲಸ ಮಾಡುತ್ತಾರೆ. ಇನ್ನು ನೀನೂ ಮಾಡು."

ಮಧ್ಯಾಹ್ನ ಲುತ್ಸಿಯಾ ಬಂದು, ಚಕ್ರವರ್ತಿ ಒರಗಿದ್ದ ಮೈಗೆ ಹಗ್ಗ ಬಿಗಿದು, ತನ್ನ ಒದ್ದೆ ಲಂಗವನ್ನು ಒಣಹಾಕಿದಳು. ಕಂಬ ಮಿಸುಕದೆ ನಿಂತಿತು.